ಎರಡನೆಯ ಸೆಮಿಸ್ಟರಿನ ಕಲನ



ಅಮೆರಿಕದಲ್ಲಿ ಎಂಜಿನಿಯರಿಂಗೋ ಭೌತಶಾಸ್ತ್ರವೋ ಓದುತ್ತಿರುವವರನ್ನು ಮೊದಲ ವರ್ಷದಲ್ಲಿ ಯಾವ ಕೋರ್ಸು ನಿದ್ದೆಗೆಡಿಸಿತು ಎಂದು ಕೇಳಿದರೆ ಬಹಳ ಮಂದಿಯ ಬಾಯಲ್ಲಿ ಬರುವ ಹೆಸರು ‘ಕ್ಯಾಲ್ಕುಲಸ್ ಟು’. ಮೊದಲ ಸೆಮಿಸ್ಟರಿನ ಕಲನವನ್ನು ಸಲೀಸಾಗಿ ದಾಟಿದವರೂ ಇಲ್ಲಿ ಮುಗ್ಗರಿಸುತ್ತಾರೆ. ಇದರ ನಂತರ ಬರುವ ಮೂರನೆಯ ಕೋರ್ಸು, ಅಂದರೆ ಹಲವು ಚರಗಳ ಕಲನ, ನೋಡಲು ದೊಡ್ಡದು. ಆದರೂ ಅದೇ ಹಗುರ ಎಂಬ ಮಾತು ವಿದ್ಯಾರ್ಥಿಗಳಲ್ಲಿ ವರ್ಷದಿಂದ ವರ್ಷಕ್ಕೆ ದಾಟಿಬಂದಿದೆ.

ಇಂದಿನ ಉಪನ್ಯಾಸದ ವಸ್ತು ಈ ಒಂದು ಕೋರ್ಸು. ಅದರ ಅರ್ಧ ಭಾಗ ಅನುಕಲನದ ವಿಧಾನಗಳು, ಉಳಿದರ್ಧ ಅನಂತ ಶ್ರೇಢಿಗಳು. ನಮ್ಮ ಕರ್ನಾಟಕದಲ್ಲಿ ಇವು ಒಟ್ಟಿಗೆ ಬರುವುದಿಲ್ಲ. ‘ಬೈ ಪಾರ್ಟ್ಸ್’, ‘ಪಾರ್ಷಿಯಲ್ ಫ್ರಾಕ್ಷನ್ಸ್’ ಎಲ್ಲ ದ್ವಿತೀಯ ಪಿಯುಸಿಯಲ್ಲೇ ಮುಗಿದಿರುತ್ತವೆ. ಶ್ರೇಢಿಯ ಮೊತ್ತ ಒಂದು ಸಂಖ್ಯೆಯಲ್ಲಿ ನಿಲ್ಲುತ್ತದೆಯೇ ಇಲ್ಲವೇ ಎಂಬ ವಿಚಾರ ಪದವಿಗೆ ಹೋದ ಮೇಲೆ. ಹಾಗಾಗಿ ಇಲ್ಲಿಂದ ಹೋದ ಹುಡುಗನಿಗೋ ಹುಡುಗಿಗೋ ಅಲ್ಲಿನ ಅರ್ಧ ಸೆಮಿಸ್ಟರ್ ಹಳೆಯ ಬೀದಿ, ಉಳಿದರ್ಧ ಹೊಸ ಊರು.

ಮೊದಲು ಅನುಕಲನದ ಸ್ವಭಾವ, ಆಮೇಲೆ ಶ್ರೇಢಿಗಳು, ಕೊನೆಯಲ್ಲಿ ಆ ತರಗತಿಯ ಬೆಂಚುಗಳ ಮೇಲೆ ಕೂತವರು: ಮಾತು ಈ ದಾರಿಯಲ್ಲಿ ಸಾಗಲಿದೆ. ಇಲ್ಲಿ ಎಡವುವವರು ದಡ್ಡರಾಗಿ ಎಡವುವುದಿಲ್ಲ. ಕಲನದ ಸ್ವಭಾವವೇ ಎರಡನೆಯ ಸೆಮಿಸ್ಟರಿನಲ್ಲಿ ಬದಲಾಗುತ್ತದೆ, ಆ ಬದಲಾವಣೆಯನ್ನು ಅವರಿಗೆ ಯಾರೂ ಮೊದಲೇ ಹೇಳಿರುವುದಿಲ್ಲ.

ಅನುಕಲನದಿಂದ ಆರಂಭಿಸೋಣ. ಮೊದಲ ಸೆಮಿಸ್ಟರಿನ ಅವಕಲನಕ್ಕೆ ನಿಯಮಗಳುಂಟು. ಗುಣಾಕಾರಕ್ಕೊಂದು, ಭಾಗಾಕಾರಕ್ಕೊಂದು, ಒಂದರೊಳಗೊಂದು ಸೇರಿಕೊಂಡ ಉತ್ಪನ್ನಕ್ಕೊಂದು. ಎಷ್ಟೇ ಉದ್ದದ ಉಕ್ತಿಯಾಗಲಿ, ತಾಳ್ಮೆಯಿದ್ದರೆ ನಿಯಮಗಳೇ ಕೈಹಿಡಿದು ದಡ ಸೇರಿಸುತ್ತವೆ. ಅನುಕಲನ ಇದರ ತಿರುಗುಮುರುಗು: ಉತ್ತರ ಕೈಯಲ್ಲಿದೆ, ಅದು ಯಾವ ಪ್ರಶ್ನೆಯ ಉತ್ತರ ಎಂದು ಪತ್ತೆಮಾಡಬೇಕು. ಇಲ್ಲಿ ಗುಣಾಕಾರಕ್ಕೆ ನೇರ ನಿಯಮವಿಲ್ಲ. ಇರುವುದು ನಾಲ್ಕಾರು ಉಪಾಯಗಳು, ಯಾವಾಗ ಯಾವುದನ್ನು ಎತ್ತಿಕೊಳ್ಳಬೇಕೆಂಬ ಅಂದಾಜು ಮಾತ್ರ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡಬಹುದು. ಇ ಘಾತ ಎಕ್ಸ್ ಮತ್ತು ಸೈನ್ ಎಕ್ಸ್, ಇವೆರಡರ ಗುಣಲಬ್ಧವನ್ನು ಅನುಕಲಿಸಬೇಕು. ‘ಬೈ ಪಾರ್ಟ್ಸ್’ ಹಾಕಿದರೆ ಸೈನ್ ಹೋಗಿ ಕೊಸೈನ್ ಬರುತ್ತದೆ, ಕಷ್ಟ ಮೊದಲಿನಷ್ಟೇ. ಇನ್ನೊಮ್ಮೆ ಹಾಕಿದರೆ ಕೊಸೈನ್ ಹೋಗಿ ಸೈನ್ ಹಿಂತಿರುಗುತ್ತದೆ. ಹೊರಟ ಲೆಕ್ಕವೇ ಮೈನಸ್ ಚಿಹ್ನೆ ಹೊತ್ತು ಎದುರು ನಿಂತಿದೆ. ಎಲ್ಲೋ ತಪ್ಪಿದೆ ಎಂದು ಹಾಳೆಯನ್ನೇ ಹೊಡೆದುಹಾಕುವ ವಿದ್ಯಾರ್ಥಿಗಳು ಬಹಳ. ನಿಜದಲ್ಲಿ ಆಗ ಲೆಕ್ಕ ಮುಗಿದಂತೆಯೇ. ಬಲಗಡೆ ಬಂದು ನಿಂತ ಅದನ್ನು ಎಡಗಡೆಗೆ ಒಯ್ದರೆ ಕೇಳಿದ್ದರ ಎರಡರಷ್ಟಾಗುತ್ತದೆ. ಎರಡರಿಂದ ಭಾಗಿಸಿದರೆ ಉತ್ತರ. ಹೊರಟಲ್ಲಿಗೇ ಬಂದು ಸೇರಿದ್ದನ್ನು ಸೋಲೆಂದು ತಿಳಿಯದೆ ಸಮೀಕರಣವೆಂದು ಗುರುತಿಸುವ ಕಣ್ಣನ್ನು ಯಾವ ನಿಯಮವೂ ಕೊಡುವುದಿಲ್ಲ. ಹತ್ತು ಲೆಕ್ಕದಲ್ಲಿ ಕೆಟ್ಟು ಹನ್ನೊಂದನೆಯದರಲ್ಲಿ ಅದು ಬರುತ್ತದೆ.

ಇದಕ್ಕೆ ಕಂಪ್ಯೂಟರ್ ವಿಜ್ಞಾನದ ಚರಿತ್ರೆಯಿಂದಲೇ ಒಂದು ಸಾಕ್ಷಿಯಿದೆ. 1961ರಲ್ಲಿ ಎಂಐಟಿಯಲ್ಲಿ ಮಾರ್ವಿನ್ ಮಿನ್‌ಸ್ಕಿಯವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುತ್ತಿದ್ದ ಜೇಮ್ಸ್ ಸ್ಲೇಗಲ್ ‘ಸೇಂಟ್’ ಎಂಬ ಪ್ರೋಗ್ರಾಮ್ ಬರೆದರು. ಅವರು ದೃಷ್ಟಿಹೀನರಾಗಿದ್ದರು. ಯಂತ್ರಕ್ಕೆ ಬುದ್ಧಿ ಬರುತ್ತದೆಯೇ ಎಂದು ನೋಡಲು ಅವರು ಆಯ್ದ ಒರೆಗಲ್ಲು ಮೊದಲ ವರ್ಷದ ಅನುಕಲನ. ಕೊಟ್ಟ 86 ಲೆಕ್ಕಗಳಲ್ಲಿ 54 ಎಂಐಟಿಯ ಅಂತಿಮ ಪರೀಕ್ಷೆಗಳಿಂದ ಎತ್ತಿಕೊಂಡವು. ಪ್ರೋಗ್ರಾಮ್ ಒಟ್ಟು 84ನ್ನು ಬಿಡಿಸಿತು. ಅವಕಲನ ಮಾಡಿಸುವುದು ಯಂತ್ರಕ್ಕೆ ಬರೀ ನಿಯಮಪಾಲನೆಯ ಕೆಲಸ. ಅನುಕಲನಕ್ಕಾದರೆ ಯಾವ ದಾರಿ ಆಶಾದಾಯಕ, ಯಾವುದು ದಾರಿಗೇಡು ಎಂದು ಊಹಿಸುವುದನ್ನು ಸ್ಲೇಗಲ್ ಯಂತ್ರಕ್ಕೆ ಕಲಿಸಬೇಕಾಯಿತು. ಕೃತಕ ಬುದ್ಧಿಮತ್ತೆ ತನ್ನ ಬಾಲ್ಯದಲ್ಲಿ ಬುದ್ಧಿಯ ಪರೀಕ್ಷೆಯೆಂದು ಆರಿಸಿಕೊಂಡ ಕೆಲಸವನ್ನು ಹದಿನೆಂಟರ ಹುಡುಗಿಯೊಬ್ಬಳು ಐವತ್ತು ನಿಮಿಷದ ಪರೀಕ್ಷೆಯಲ್ಲಿ ಮಾಡುತ್ತಾಳೆ. ಅವಳಿಗೆ ಈ ಮಾತು ತಿಳಿಸಬೇಕು.

ಈ ಕೋರ್ಸಿನ ಉಪಾಯಗಳು ಪಠ್ಯಪುಸ್ತಕದಲ್ಲಿ ಆಕಾಶದಿಂದ ಉದುರಿದ ಹಾಗೆ ಕಾಣುತ್ತವೆ. ಸೀಕೆಂಟ್ ಉತ್ಪನ್ನದ ಅನುಕಲನ ಅದಕ್ಕೆ ಒಳ್ಳೆಯ ನಿದರ್ಶನ. ಅಧ್ಯಾಪಕರು ಬೋರ್ಡಿನ ಮೇಲೆ ಸೀಕೆಂಟ್ ಬರೆದು, ಅದನ್ನು ‘ಸೀಕೆಂಟ್ ಕೂಡಿಸು ಟ್ಯಾಂಜೆಂಟ್’ನಿಂದ ಗುಣಿಸಿ ಅದರಿಂದಲೇ ಭಾಗಿಸುತ್ತಾರೆ. ಎರಡು ಸಾಲಿನಲ್ಲಿ ಲಾಗರಿದಮ್ ಒಂದು ಹೊರಬರುತ್ತದೆ. ಹೀಗೆ ಗುಣಿಸಬೇಕೆಂದು ಯಾರಿಗಾದರೂ ಹೇಗೆ ಹೊಳೆದೀತು ಎಂಬುದೇ ಪ್ರತಿ ವಿದ್ಯಾರ್ಥಿಯ ಪ್ರಶ್ನೆ. ಅದರ ಉತ್ತರ ಹಡಗುಗಳಲ್ಲಿದೆ.

1569ರಲ್ಲಿ ಗೆರಾರ್ಡಸ್ ಮರ್ಕೇಟರ್ ನಾವಿಕರಿಗಾಗಿ ಒಂದು ಭೂಪಟ ಮಾಡಿದರು. ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗುವ ಹಡಗಿನ ದಾರಿ ಆ ಪಟದ ಮೇಲೆ ನೇರ ಗೆರೆ. ಅದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಭೂಗೋಲದ ಮೇಲೆ ಧ್ರುವದತ್ತ ಹೋದಂತೆ ಒಂದನ್ನೊಂದು ಸಮೀಪಿಸುವ ರೇಖಾಂಶಗಳನ್ನು ಪಟದಲ್ಲಿ ಸಮಾನಾಂತರವಾಗಿ ಎಳೆದರೆ ಪ್ರತಿ ಅಕ್ಷಾಂಶವೂ ಅಡ್ಡಕ್ಕೆ ಹಿಗ್ಗುತ್ತದೆ, ಎಷ್ಟೆಂದರೆ ಆ ಅಕ್ಷಾಂಶದ ಸೀಕೆಂಟಿನಷ್ಟು. 13 ಡಿಗ್ರಿಯಲ್ಲಿರುವ ನಮ್ಮ ಬೆಂಗಳೂರಿನಲ್ಲಿ ಹಿಗ್ಗು ನೂರಕ್ಕೆ ಎರಡೂವರೆಯಷ್ಟು ಮಾತ್ರ. ಲಂಡನ್ನಿನಲ್ಲಿ ನೂರಕ್ಕೆ 60. 60 ಡಿಗ್ರಿಯಲ್ಲಿ ಸರಿಯಾಗಿ ಇಮ್ಮಡಿ. ಕೋನ ಕೆಡದಿರಬೇಕಾದರೆ ಉದ್ದಕ್ಕೂ ಅಷ್ಟೇ ಹಿಗ್ಗಿಸಬೇಕು. ಹಾಗಾದರೆ ಸಮಭಾಜಕದಿಂದ ಒಂದು ಊರನ್ನು ಎಷ್ಟು ಮೇಲೆ ಗುರುತಿಸಬೇಕು? ನಡುವಿನ ಎಲ್ಲ ಸೀಕೆಂಟುಗಳನ್ನೂ ಕೂಡಬೇಕು. ಅದೇ ಸೀಕೆಂಟಿನ ಅನುಕಲನ, ಆ ಹೆಸರು ಹುಟ್ಟುವ ಮೊದಲೇ.

ಎಡ್ವರ್ಡ್ ರೈಟ್ ಎಂಬ ಇಂಗ್ಲಿಷ್ ಗಣಿತಜ್ಞ ಒಂದೊಂದು ಮಿನಿಟಿನ ಅಂತರದಲ್ಲಿ ಸೀಕೆಂಟುಗಳನ್ನು ಕೂಡುತ್ತ ಹೋಗಿ 1599ರಲ್ಲಿ ಕೋಷ್ಟಕ ಪ್ರಕಟಿಸಿದರು. ಒಂದು ಡಿಗ್ರಿಗೆ ಅರವತ್ತು ಕೂಡಿಕೆ, ಎಲ್ಲ ಕೈಬರಹದಲ್ಲಿ. ಲಾಗರಿದಮ್ ಬೆಳಕಿಗೆ ಬಂದದ್ದು 1614ರಲ್ಲಿ. 1645ರ ಸುಮಾರಿಗೆ ಲಂಡನ್ನಿನಲ್ಲಿ ನೌಕಾಯಾನ ಕಲಿಸುತ್ತಿದ್ದ ಹೆನ್ರಿ ಬಾಂಡ್ ರೈಟರ ಕೋಷ್ಟಕವನ್ನೂ ಟ್ಯಾಂಜೆಂಟುಗಳ ಲಾಗರಿದಮ್ ಕೋಷ್ಟಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅಂಕಿಗಳು ಹೊಂದುತ್ತಿದ್ದವು! ಯಾಕೆಂದು ಬಾಂಡರಿಗೆ ಗೊತ್ತಿರಲಿಲ್ಲ, ಬೇರೆ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ಬಿಡಿಸಲಾಗದ ಒಗಟಾಗಿ ಉಳಿಯಿತು. 1668ರಲ್ಲಿ ಜೇಮ್ಸ್ ಗ್ರೆಗರಿ ಸಾಧಿಸಿ ತೋರಿಸಿದರು, ಆದರೆ ಬಹಳ ತೊಡಕಿನ ದಾರಿಯಲ್ಲಿ. 1670ರಲ್ಲಿ ಐಸಾಕ್ ಬ್ಯಾರೋ, ನ್ಯೂಟನ್ನರಿಗಿಂತ ಮೊದಲು ಕೇಂಬ್ರಿಜ್‌ನ ಲುಕೇಸಿಯನ್ ಪೀಠದಲ್ಲಿದ್ದವರು, ತಿಳಿಯಾದ ಸಾಧನೆ ಕೊಟ್ಟರು; ಅದರೊಳಗಿದ್ದ ಉಪಾಯ ಇಂದಿನ ‘ಪಾರ್ಷಿಯಲ್ ಫ್ರಾಕ್ಷನ್ಸ್’.

ಬೋರ್ಡಿನ ಮೇಲಿನ ಆ ಗುಣಿಸಿ ಭಾಗಿಸುವ ಚಮತ್ಕಾರ ಸಾಧ್ಯವಾದದ್ದು ಉತ್ತರ ಮೊದಲೇ ತಿಳಿದಿದ್ದರಿಂದ. ಮೂರು ತಲೆಮಾರಿನ ನಾವಿಕರು, ಕೋಷ್ಟಕಕಾರರು, ಗಣಿತಜ್ಞರು ಬೆವರು ಹರಿಸಿದ ಕೆಲಸವನ್ನು ಎರಡು ಸಾಲಿಗೆ ಇಳಿಸಿ, ಇದು ನಿನಗೇಕೆ ಹೊಳೆಯಲಿಲ್ಲ ಎಂಬಂತೆ ಹದಿನೆಂಟರ ಹುಡುಗನ ಮುಂದಿಡುವುದು ನ್ಯಾಯವಲ್ಲ. ಐದು ನಿಮಿಷ ಹಡಗಿನ ಕತೆ ಹೇಳಿದರೆ ಪಾಠಕ್ಕೆ ನಷ್ಟವಿಲ್ಲ.

ಇನ್ನು ಕೆಲವು ಅನುಕಲನಗಳಿಗೆ ಉಪಾಯವೇ ಇಲ್ಲ. ಇ ಘಾತ ಮೈನಸ್ ಎಕ್ಸ್ ವರ್ಗ, ಸಂಖ್ಯಾಶಾಸ್ತ್ರದವರು ದಿನವೂ ಬಳಸುವ ಗಂಟೆಯಾಕಾರದ ರೇಖೆ, ಅಂಥದ್ದೊಂದು. ನಮಗೆ ಪರಿಚಿತವಾದ ಉತ್ಪನ್ನಗಳಲ್ಲಿ ಅದರ ಅನುಕಲನವನ್ನು ಬರೆಯಲಾಗದೆಂದು 1830ರ ದಶಕದಲ್ಲಿ ಫ್ರಾನ್ಸಿನ ಜೋಸೆಫ್ ಲಿಯುವಿಲ್ ಕಟ್ಟಿದ ಸಿದ್ಧಾಂತದಿಂದ ತಿಳಿಯುತ್ತದೆ. ಹುಡುಕಿದವರಿಗೆ ಸಿಗಲಿಲ್ಲ ಎಂದಲ್ಲ, ಅಂಥ ಸೂತ್ರ ಇಲ್ಲವೇ ಇಲ್ಲ. ಈ ಗೋಡೆಗೆ ಬಂದು ನಿಂತಾಗಲೇ ಕೋರ್ಸಿನ ಎರಡನೆಯ ಅರ್ಧ ಬಾಗಿಲು ತೆರೆಯುತ್ತದೆ.

ಆದ್ದರಿಂದ ಈಗ ಶ್ರೇಢಿಗಳಿಗೆ ಬರೋಣ.

ಪ್ರಶ್ನೆಯೇ ಇಲ್ಲಿ ಬೇರೆ ಜಾತಿಯದು. ಇಷ್ಟು ದಿನ ‘ಉತ್ತರ ಎಷ್ಟು’ ಎಂದು ಕೇಳುತ್ತಿದ್ದ ಪರೀಕ್ಷೆ ಇದ್ದಕ್ಕಿದ್ದಂತೆ ‘ಉತ್ತರ ಇದೆಯೇ’ ಎಂದು ಕೇಳತೊಡಗುತ್ತದೆ. 1, 1/2, 1/3, 1/4 ಎಂದು ಕೂಡುತ್ತ ಹೋಗುವ ಹರಾತ್ಮಕ ಶ್ರೇಢಿಯನ್ನು ನೋಡಿ. ಪದಗಳು ಸೊನ್ನೆಯತ್ತ ಸಣ್ಣಗಾಗುತ್ತಿವೆ. ಮೊತ್ತ ಎಲ್ಲೋ ನಿಲ್ಲಲೇಬೇಕು ಎನಿಸುತ್ತದೆ. ಮೊತ್ತ 10 ದಾಟಲು 12,367 ಪದ ಬೇಕು. ಕ್ಯಾಲ್ಕುಲೇಟರ್ ಹಿಡಿದು ಕೂತವನು ಅಷ್ಟರೊಳಗೆ ನಿಂತೇ ಹೋಯಿತೆಂದು ನಂಬಿಬಿಡುತ್ತಾನೆ. ಆದರೆ ಅದು ನಿಲ್ಲುವುದಿಲ್ಲ. ಹದಿನಾಲ್ಕನೆಯ ಶತಮಾನದ ಫ್ರೆಂಚ್ ವಿದ್ವಾಂಸ ನಿಕೋಲ್ ಒರೆಮ್ ಕೊಟ್ಟ ಕಾರಣ ಇಂದಿಗೂ ಅದೇ ತಾಜಾತನದಲ್ಲಿದೆ. 1/3 ಮತ್ತು 1/4 ಕೂಡಿದರೆ ಅರ್ಧಕ್ಕಿಂತ ಹೆಚ್ಚು. 1/5ರಿಂದ 1/8ರವರೆಗಿನ ನಾಲ್ಕು ಸೇರಿದರೆ ಅರ್ಧಕ್ಕಿಂತ ಹೆಚ್ಚು. ಮುಂದಿನ ಎಂಟು, ಅದರ ಮುಂದಿನ ಹದಿನಾರು, ಪ್ರತಿ ಗುಂಪಿನಿಂದಲೂ ಅರ್ಧರ್ಧ ಸಿಗುತ್ತಲೇ ಇರುತ್ತದೆ. ಅರ್ಧವನ್ನು ಕೊನೆಯಿಲ್ಲದೆ ಕೂಡುತ್ತ ಹೋದರೆ ಯಾವ ಸಂಖ್ಯೆಯನ್ನಾದರೂ ದಾಟಬಹುದು.

ಸಣ್ಣಗಾಗುವುದು ಬೇರೆ, ನಿಲ್ಲುವುದು ಬೇರೆ. ಇಡೀ ಕೋರ್ಸಿನಲ್ಲಿ ಅತಿ ಹೆಚ್ಚು ಅಂಕ ಕಳೆಯುವ ತಪ್ಪು ಇವೆರಡನ್ನೂ ಒಂದೆಂದು ತಿಳಿಯುವುದೇ ಎಂದರೆ ಉತ್ಪ್ರೇಕ್ಷೆಯಾಗದು.

ನಿಲ್ಲುವ ಶ್ರೇಢಿಗೆ ಮನೆಯಲ್ಲೇ ಉದಾಹರಣೆಯುಂಟು. ಥೈರಾಯ್ಡ್ ಮಾತ್ರೆ ನುಂಗುವವರು ನಮ್ಮಲ್ಲಿ ಎಷ್ಟು ಮಂದಿ! ಲೆವೊಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ದಿನವೂ ಒಂದು ಮಾತ್ರೆಯೆಂದರೆ ಇಂದಿನದು ಪೂರ್ತಿ, ನಿನ್ನೆಯದರಲ್ಲಿ ನೂರಕ್ಕೆ 90ರಷ್ಟು, ಮೊನ್ನೆಯದರಲ್ಲಿ 82ರಷ್ಟು, ಹೀಗೆ ಗುಣೋತ್ತರ ಶ್ರೇಢಿಯೊಂದು ಒಳಗೆ ಕೂಡಿಕೊಳ್ಳುತ್ತ ಹೋಗುತ್ತದೆ. ಅದು ಮಿತಿಯಿಲ್ಲದೆ ಏರುವುದಿಲ್ಲ; ಹತ್ತೂವರೆ ಮಾತ್ರೆಯಷ್ಟಕ್ಕೆ ನೆಲೆನಿಲ್ಲುತ್ತದೆ. ಆರು ವಾರದಲ್ಲಿ ಆ ನೆಲೆಯ ನೂರಕ್ಕೆ 98 ಭಾಗ ತಲುಪಿರುತ್ತದೆ. ಆರು ವಾರ ಬಿಟ್ಟು ರಕ್ತಪರೀಕ್ಷೆಗೆ ಬನ್ನಿ ಎಂದು ವೈದ್ಯರು ಹೇಳುವುದರ ಹಿಂದೆ ಈ ಲೆಕ್ಕವಿದೆ.

ಶ್ರೇಢಿಯ ಮಾತು ಬಂದಾಗ ಅಮೆರಿಕದ ಪಠ್ಯಪುಸ್ತಕಗಳು ಗ್ರೆಗರಿ, ಲೈಬ್ನಿಟ್ಸ್, ಟೇಲರ್ ಎಂದು ಹೆಸರಿಸುತ್ತವೆ. 1, ಕಳೆ 1/3, ಕೂಡು 1/5, ಕಳೆ 1/7 ಎಂದು ಸಾಗುವ ಶ್ರೇಢಿ ಪೈಯ ಕಾಲು ಭಾಗಕ್ಕೆ ಸಮ ಎಂಬುದನ್ನು ಲೈಬ್ನಿಟ್ಸ್ 1670ರ ದಶಕದಲ್ಲಿ ಕಂಡರು. ಅದಕ್ಕೂ ಎರಡೂವರೆ ಶತಮಾನ ಹಿಂದೆ, ನಮ್ಮ ನೆರೆಯ ಕೇರಳದಲ್ಲಿ, ಸಂಗಮಗ್ರಾಮದ ಮಾಧವರಿಗೆ ಅದು ಗೊತ್ತಿತ್ತು. ಸುಮಾರು 1340ರಿಂದ 1425ರವರೆಗೆ ಬದುಕಿದ್ದ ಮಾಧವರ ಊರು ಇಂದಿನ ತ್ರಿಶೂರು ಜಿಲ್ಲೆಯ ಇರಿಂಙಾಲಕುಡ ಎಂದು ಹಲವರು ಗುರುತಿಸುತ್ತಾರೆ.

ಈ ಶ್ರೇಢಿ ನಿಲ್ಲುವುದೇನೋ ನಿಜ, ಆದರೆ ಆಮೆಯ ನಡಿಗೆ. ಹತ್ತು ಪದ ಕೂಡಿ ನಾಲ್ಕರಿಂದ ಗುಣಿಸಿದರೆ ಸಿಗುವುದು 3.0418. ಕೇರಳದವರ ಹಿರಿಮೆ ಇಲ್ಲಿದೆ: ನಿಲ್ಲಿಸಿದ ಜಾಗದಲ್ಲಿ ಎಷ್ಟು ಉಳಿದಿರಬಹುದು ಎಂಬುದಕ್ಕೂ ಅವರು ಸೂತ್ರ ಕೊಟ್ಟರು. ಪದಗಳ ಸಂಖ್ಯೆಯನ್ನು, ಅದರ ವರ್ಗದ ನಾಲ್ಕರಷ್ಟಕ್ಕೆ ಒಂದು ಕೂಡಿ ಬಂದದ್ದರಿಂದ ಭಾಗಿಸಬೇಕು. ಹತ್ತು ಪದಕ್ಕೆ ಅದು 10/401. ಅದನ್ನು ಸೇರಿಸಿ ನಾಲ್ಕರಿಂದ ಗುಣಿಸಿದರೆ 3.04 ಇದ್ದದ್ದು 3.14159 ಆಗುತ್ತದೆ. ಕೋರ್ಸಿನ ಕೊನೆಯ ವಾರಗಳಲ್ಲಿ ‘ಶೇಷ ಪದದ ಅಂದಾಜು’ ಎಂದು ಕಲಿಸುವುದು ಇದೇ ಚಿಂತೆಯನ್ನು. ವಿದ್ಯಾರ್ಥಿಗಳು ಪರೀಕ್ಷೆಗೆ ಬರಲಿಕ್ಕಿಲ್ಲವೆಂದು ಬಿಡುವ ಅಧ್ಯಾಯವೂ ಹೆಚ್ಚಾಗಿ ಅದೇ.

1530ರ ಸುಮಾರಿಗೆ ಜ್ಯೇಷ್ಠದೇವರು ಬರೆದ ‘ಯುಕ್ತಿಭಾಷಾ’ದಲ್ಲಿ ಈ ಶ್ರೇಢಿಗಳ ಉಪಪತ್ತಿಗಳಿವೆ. ಗಣಿತದ ಭಾಷೆ ಸಂಸ್ಕೃತವಾಗಿದ್ದ ಕಾಲದಲ್ಲಿ ಅದನ್ನು ಅವರು ಮಲಯಾಳ ಗದ್ಯದಲ್ಲಿ ಬರೆದರು. ಅದರಲ್ಲಿ ಮೊತ್ತಕ್ಕೆ ಬಳಸಿದ ಶಬ್ದ ‘ಸಂಕಲಿತ’. ಕೂಡುವುದಕ್ಕೆ ಕನ್ನಡದ ಮಕ್ಕಳು ಮೊದಲು ಕಲಿಯುವ ಪದ ‘ಸಂಕಲನ’. ‘ಅನುಕಲನ’ದಲ್ಲಿರುವುದೂ ಅದೇ ಕಲನ. ಪದ ಮೂರನೆಯ ತರಗತಿಯಿಂದ ಕಾಲೇಜಿನವರೆಗೆ ಜೊತೆಗೇ ಬಂದಿದೆ, ನಾವು ಅದನ್ನು ಗಮನಿಸಿರುವುದಿಲ್ಲ. ಕನ್ನಡ ನೆಲಕ್ಕೂ ಇದರಲ್ಲಿ ಪಾಲಿದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ ಗುಣೋತ್ತರ ಶ್ರೇಢಿಗಳ ಮೊತ್ತವನ್ನು ವಿಚಾರಿಸುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ.

ಗೋಡೆಗೆ ಬಂದು ನಿಂತಿದ್ದ ಗಂಟೆಯಾಕಾರದ ರೇಖೆಯನ್ನು ಮರೆತಿಲ್ಲ. ಆ ಉತ್ಪನ್ನವನ್ನು ಶ್ರೇಢಿಯಾಗಿ ಬಿಡಿಸಿ, ಒಂದೊಂದೇ ಪದವನ್ನು ಅನುಕಲಿಸಿದರೆ, ಸೊನ್ನೆಯಿಂದ ಒಂದರವರೆಗಿನ ವಿಸ್ತೀರ್ಣ 1, ಕಳೆ 1/3, ಕೂಡು 1/10, ಕಳೆ 1/42, ಕೂಡು 1/216 ಎಂದು ಬರುತ್ತದೆ. ಈ ಐದು ಪದಗಳಿಗೇ 0.7475, ನಿಜ ಬೆಲೆ 0.7468. ಯಾವ ಉಪಾಯಕ್ಕೂ ಬಗ್ಗದ ಅನುಕಲನ ಬರೀ ಕೂಡು–ಕಳೆ ಲೆಕ್ಕಕ್ಕೆ ಒಲಿಯಿತು. ಅನುಕಲನವನ್ನೂ ಶ್ರೇಢಿಯನ್ನೂ ಒಂದೇ ಸೆಮಿಸ್ಟರಿನಲ್ಲಿ ಇಟ್ಟದ್ದಕ್ಕೆ ಅರ್ಥ ಸಿಗುವುದು ಈ ಕ್ಷಣದಲ್ಲಿ. ಇದನ್ನು ಕೊನೆಯ ವಾರದ ಅವಸರದಲ್ಲಿ ಮುಗಿಸಿಬಿಡುವುದು ದೊಡ್ಡ ನಷ್ಟ.

ಇಲ್ಲಿಂದ ಉಪನ್ಯಾಸದ ಕೊನೆಯ ಭಾಗಕ್ಕೆ, ಬೆಂಚುಗಳ ಮೇಲೆ ಕೂತವರ ಕಡೆಗೆ.

1987ರಲ್ಲಿ ವಾಷಿಂಗ್ಟನ್ನಿನಲ್ಲಿ ಕಲನದ ಬೋಧನೆ ಕುರಿತು ದೊಡ್ಡ ಸಮಾವೇಶ ನಡೆಯಿತು. ಕಲನ ವಿದ್ಯಾರ್ಥಿಗಳನ್ನು ಸೋಸಿ ಹೊರಗಿಡುವ ಜರಡಿಯಾಗಬಾರದು, ಮೇಲೆತ್ತುವ ಪಂಪಾಗಬೇಕು ಎಂಬುದು ಅಲ್ಲಿ ಹೊರಟ ಘೋಷಣೆ. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಯೂರಿ ಟ್ರೈಸ್‌ಮನ್ ಎಂಬ ಯುವ ಸಂಶೋಧಕ ಹೆಚ್ಚು ಆಳವಾದ ಕೆಲಸ ಮಾಡಿದ್ದರು. ಕಲನದಲ್ಲಿ ಕಪ್ಪು ವಿದ್ಯಾರ್ಥಿಗಳು ಹಿಂದೆ ಬೀಳುವುದೇಕೆಂದು ಅಧ್ಯಾಪಕರನ್ನು ಕೇಳಿದಾಗ ಅವರಿಗೆ ಸಿದ್ಧ ಉತ್ತರಗಳು ಸಿಕ್ಕವು: ಆಸಕ್ತಿ ಸಾಲದು, ಹೈಸ್ಕೂಲು ತಯಾರಿ ಸಾಲದು, ಮನೆಯ ಬೆಂಬಲವಿಲ್ಲ, ಬಡತನ. ಟ್ರೈಸ್‌ಮನ್ ಇವನ್ನು ನಂಬಿ ಕೂರಲಿಲ್ಲ. 20 ಕಪ್ಪು ವಿದ್ಯಾರ್ಥಿಗಳು, 20 ಚೀನೀ ಮೂಲದ ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂದು ಅವರ ಕೋಣೆಗಳಿಗೇ ಹೋಗಿ ಗಮನಿಸಿದರು.

ಸಿದ್ಧ ಉತ್ತರಗಳು ಒಂದೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ತಮಗೆ ಹೇಳಿದ್ದಂತೆಯೇ ವಾರಕ್ಕೆ ಎಂಟು ಗಂಟೆ ಓದುತ್ತಿದ್ದರು, ಹೋಂವರ್ಕ್ ತಪ್ಪಿಸುತ್ತಿರಲಿಲ್ಲ, ಮನೆಯವರ ಒತ್ತಾಸೆಯೂ ಇತ್ತು. ಆದರೆ ಅವರು ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ವಿದ್ಯಾರ್ಥಿಗಳು ಸುಮಾರು 14 ಗಂಟೆ ಕೊಡುತ್ತಿದ್ದರು. ಎಂಟು ಹತ್ತು ಗಂಟೆ ಒಂಟಿಯಾಗಿ ಮಾಡಿದ ಮೇಲೆ ಸಂಜೆ ಸೇರಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಎಲ್ಲರೂ ಸಿಕ್ಕಿಬಿದ್ದ ಲೆಕ್ಕ ನಿಜಕ್ಕೂ ಕಷ್ಟದ್ದು ಎಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಕೂತವರಿಗೆ ಆ ಕಷ್ಟ ತಮ್ಮದೇ ಕೊರತೆಯಾಗಿ ಕಾಣುತ್ತಿತ್ತು.

ಟ್ರೈಸ್‌ಮನ್ ಇದಕ್ಕೆ ಮಾಡಿದ ಪರಿಹಾರದಲ್ಲಿ ಒಂದು ಸೂಕ್ಷ್ಮವಿದೆ. ಅವರು ಹಿಂದುಳಿದವರಿಗೆಂದು ಟ್ಯೂಷನ್ ತೆರೆಯಲಿಲ್ಲ, ಸುಲಭದ ಲೆಕ್ಕ ಕೊಡಲಿಲ್ಲ. ಗೌರವದ ಕಾರ್ಯಾಗಾರವೆಂದು ಕರೆದು, ತರಗತಿಗಿಂತ ಕಠಿಣವಾದ ಲೆಕ್ಕಗಳನ್ನು ಗುಂಪುಗಳ ಮುಂದಿಟ್ಟರು. ಬಂದು ಸೇರಿದ ಕಪ್ಪು ಮತ್ತು ಲ್ಯಾಟಿನೋ ವಿದ್ಯಾರ್ಥಿಗಳ ಫಲಿತಾಂಶ ಬಹಳ ಮೇಲೇರಿತು. ಆ ಮಾದರಿ ಅಮೆರಿಕದ ಅನೇಕ ಕಾಲೇಜುಗಳಿಗೆ ಹಬ್ಬಿತು.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ವಿಜ್ಞಾನ ಹಿಡಿದ ನಮ್ಮ ಮಕ್ಕಳಿಗೆ ಈ ಸಂಗತಿ ಹತ್ತಿರದ್ದು. ‘ಅನುಕಲನ’ ಎಂಬ ಪದ ಕಿವಿಗೆ ಬೀಳುವ ಮೊದಲೇ ‘ಇಂಟಿಗ್ರೇಷನ್’ ಬಂದು ಕೂತಿರುತ್ತದೆ. ತರಗತಿಯಲ್ಲಿ ಪ್ರಶ್ನೆ ಕೇಳಲು ಇಂಗ್ಲಿಷ್ ಸಾಲದು, ಆದ್ದರಿಂದ ಪ್ರಶ್ನೆಯೇ ಇಲ್ಲ. ಹಾಸ್ಟೆಲಿನ ಕೋಣೆಯಲ್ಲಿ ನಾಲ್ವರು ಸೇರಿ ‘ಇದು ನಿಲ್ತದೋ ಇಲ್ವೋ’ ಎಂದು ತಮ್ಮ ಮಾತಿನಲ್ಲೇ ವಾದಿಸಿದರೆ ಅದೂ ಗಣಿತವೇ. ಜ್ಯೇಷ್ಠದೇವರ ಗದ್ಯದ ದಾರಿಯೂ ಅದೇ ಆಗಿತ್ತು. ಉತ್ತರ ಪತ್ರಿಕೆಯನ್ನು ಇಂಗ್ಲಿಷಿನಲ್ಲಿ ಬರೆಯಲಿ. ವಾದ ಕನ್ನಡದಲ್ಲಿ ನಡೆಯಲು ಅಡ್ಡಿಯಿಲ್ಲ, ನಾಚಿಕೆಯಂತೂ ಇರಲೇಬಾರದು.

ಅಂಥ ನಾಲ್ವರ ಮುಂದಿಡಲು ಒಂದು ಲೆಕ್ಕ ಕೊಡಬಹುದು. 1914ರಲ್ಲಿ ಕೆಂಪ್ನರ್ ಎಂಬ ಗಣಿತಜ್ಞರು ಪ್ರಕಟಿಸಿದ್ದು. ಎಂದೂ ನಿಲ್ಲದ ಆ ಹರಾತ್ಮಕ ಶ್ರೇಢಿಯನ್ನೇ ತೆಗೆದುಕೊಳ್ಳಿ. ಛೇದದಲ್ಲಿ ಎಲ್ಲಾದರೂ 9 ಇರುವ ಪದಗಳನ್ನು ಹೊಡೆದುಹಾಕಿ: 1/9, 1/19, 1/90, 1/392, ಎಲ್ಲವೂ ಹೋಗಲಿ. ಉಳಿದದ್ದು ನಿಲ್ಲುತ್ತದೆಯೇ? ನೂರರವರೆಗೆ ನೋಡಿದರೆ ಹೋದವು 19 ಮಾತ್ರ. ಇಷ್ಟಕ್ಕೆಲ್ಲ ಏನಾದೀತು ಎಂದು ಒಬ್ಬಳಾದರೂ ಹೇಳಿಯೇ ಹೇಳುತ್ತಾಳೆ. ಇನ್ನೊಬ್ಬ ಎಣಿಸತೊಡಗುತ್ತಾನೆ. 9 ಇಲ್ಲದ ಒಂದಂಕಿಯವು ಎಂಟು, ಒಂದೊಂದೂ 1ಕ್ಕಿಂತ ಹೆಚ್ಚಲ್ಲ: ಒಟ್ಟು 8ರೊಳಗೆ. ಎರಡಂಕಿಯವು 72, ಒಂದೊಂದೂ 1/10ಕ್ಕಿಂತ ಹೆಚ್ಚಲ್ಲ: 7.2ರೊಳಗೆ. ಮೂರಂಕಿಯವು 648: 6.48ರೊಳಗೆ. ಪ್ರತಿ ಸಲವೂ ಹಿಂದಿನದರ ಹತ್ತರಲ್ಲಿ ಒಂಬತ್ತು ಪಾಲು. ಮೂರನೆಯವಳು ಅದನ್ನು ಗುಣೋತ್ತರ ಶ್ರೇಢಿಯೆಂದು ಗುರುತಿಸುತ್ತಾಳೆ. ನಾಲ್ಕನೆಯವನು 8ನ್ನು 1/10ರಿಂದ ಭಾಗಿಸಿ, ಮೊತ್ತ 80 ದಾಟುವುದಿಲ್ಲವೆಂದು ಹಾಳೆಯ ಕೆಳಗೆ ಬರೆಯುತ್ತಾನೆ. ನಿಜ ಮೊತ್ತ ಸುಮಾರು 22.92.